ಎಡಗಾಲಿನ ಚಪ್ಪಲಿ

ಫ್ರಿಜ್ಜಿನ ಬಾಗಿಲು ತೆಗೆದರೆ, ಬೆಣ್ಣೆ ಇಡುವ ಜಾಗದಲ್ಲಿ ಒಂದು ನೀಲಿ ಪೆನ್ನು ತಣ್ಣಗೆ ಮಲಗಿತ್ತು. ಗಿರಾಕಿಗಳ ಅಳತೆ ಬರೆದುಕೊಳ್ಳಲು ಟೈಲರಮ್ಮ ಬೆಳಿಗ್ಗೆಯಿಂದ ಹುಡುಕಿ ಹುಡುಕಿ ಸುಸ್ತಾಗಿದ್ದ ಪೆನ್ನು ಅದು. ಬೆಣ್ಣೆ ಮಾತ್ರ ಊಟದ ಮೇಜಿನ ಮೇಲೆ ಕರಗಿ ಹರಿದಿತ್ತು. ಇರುವೆಗಳು ಬಂಧುಬಳಗಕ್ಕೆಲ್ಲ ಹೇಳಿಕಳಿಸಿ ಸಾಲುಗಟ್ಟಿ ಬಂದಿದ್ದವು.

"ಅತ್ತೆ, ಏನಿದು? ಪೆನ್ನಿಗೆ ಸೆಕೆ ಆಗ್ತಿತ್ತಾ?"

"ನೀನೇ ಅಂದೆಯಲ್ಲಮ್ಮ, ಫ್ರಿಜ್ಜಲ್ಲಿಡಿ ಅಂತ."

"ನಾನಾ? ಪೆನ್ನನ್ನಾ? ನನಗೇನು ತಲೆ ಕೆಟ್ಟಿದೆಯಾ?"

ಅತ್ತೆ ಪೆನ್ನನ್ನು ತೆಗೆದು ಸೆರಗಿನಿಂದ ಒರೆಸಿದರು. ತಲೆ ಕೆಟ್ಟಿರುವುದು ಸೊಸೆಗಲ್ಲ ಅಂದಮೇಲೆ ಇನ್ಯಾರಿಗೆ ಎಂಬ ಪ್ರಶ್ನೆಗೆ ಉತ್ತರವಾಗಿ ಆ ಅಡುಗೆಮನೆಯಲ್ಲಿ ಉಳಿದಿದ್ದವರು ಅವರೊಬ್ಬರೇ.

ಅವರು ಆ ಮನೆಗೆ ಬಂದು ಕೆಲವೇ ತಿಂಗಳಾಗಿತ್ತು. ಅದಕ್ಕೆ ಮುಂಚೆ ಹೆಣ್ಣುಮಕ್ಕಳ ಹಾಸ್ಟೆಲ್ಲೊಂದರಲ್ಲಿ ಅರ್ಧ ಆಯಸ್ಸು ಅಡುಗೆ ಮಾಡಿದವರು. ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಮುಚ್ಚಳ, ಸುತ್ತ ಪಾತ್ರೆಗಳ ಗಲಾಟೆ. ಅಂಥ ಕಡೆ ಹೇಳಿದ್ದನ್ನು ಮೊದಲು ಮಾಡಬೇಕು, ಯಾಕೆ ಏನು ಅಂತ ಆಮೇಲೆ ಕೇಳಬೇಕು. ಮೊಣಕಾಲು ಕೈಕೊಟ್ಟು ಕೆಲಸ ಬಿಟ್ಟ ಮೇಲೆ ಮಗನ ಮನೆಗೆ ಬಂದರು. ಬಂದವರೇ, "ನೀನು ನಿನ್ನ ಮೆಷಿನ್ ನೋಡ್ಕೋಮ್ಮ, ಒಲೆ ನನಗೆ ಬಿಡು" ಎಂದು ಸೆರಗು ಸಿಕ್ಕಿಸಿ ನಿಂತರು. ಟೈಲರಮ್ಮನಿಗೆ ಆಕಾಶ ಕೈಗೆ ಸಿಕ್ಕಂತಾಗಿತ್ತು. ಅವಳ ಅಂಗಡಿಯೆಂದರೆ ಮನೆಯ ಮುಂಗೋಣೆಯೇ. ಮೆಷಿನ್ನು ಬೀದಿಗೆ ಮುಖ ಮಾಡಿದರೆ ಅಡುಗೆಮನೆ ಅವಳ ಬೆನ್ನ ಹಿಂದೆ, ನಡುವೆ ಒಂದು ಪರದೆ. ತುಟಿಯಲ್ಲಿ ನಾಲ್ಕಾರು ಗುಂಡುಪಿನ್ನು ಕಚ್ಚಿಕೊಂಡೇ, ತಲೆ ತಿರುಗಿಸದೆ, ಅದು ಇಡಿ ಅತ್ತೆ, ಇದು ತೆಗೀರಿ ಅತ್ತೆ ಎಂದು ಕೂಗುತ್ತಿದ್ದಳು. ಒಳಗಿನಿಂದ "ಆಯ್ತಮ್ಮ" ಎಂಬ ಉತ್ತರ ಬರುತ್ತಿತ್ತು. ಕೆಲಸ ನಡೆಯುತ್ತಿತ್ತು.

ಪೆನ್ನಿನ ಸುದ್ದಿಯನ್ನು ಟೈಲರಮ್ಮ ಆ ಸಂಜೆಯೇ ಫೋನಿನಲ್ಲಿ ನಾದಿನಿಗೆ ಹೇಳಿದಳು. ನಾದಿನಿ ಅಂದರೆ ಗಂಡನ ತಂಗಿ, ಬೇರೆ ಊರಲ್ಲಿ ಔಷಧಿ ಅಂಗಡಿಯಲ್ಲಿ ಕೆಲಸ. ನಗುವುದಕ್ಕೇ ಹುಟ್ಟಿದವಳು. ಇರುವೆಗಳು ಮೆರವಣಿಗೆ ಬಂದದ್ದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ ಅತ್ತಿಗೆ, ಸಾಕು, ಗಿರಾಕಿ ಬಂದಿದ್ದಾರೆ, ಕಣ್ಣಲ್ಲೆಲ್ಲ ನೀರು!"

ಒಂದು ವಾರದ ಮೇಲೆ ಬಟ್ಟೆಯ ಕತೆ. ಬೆಳಗಿನ ತಿಂಡಿಗೆ ಮೊಟ್ಟೆ ಬೇಯಲಿಕ್ಕಿಡಿ ಎಂದು ಹೇಳಿ ಟೈಲರಮ್ಮ ಕಾಲರು ಹೊಲಿಯುತ್ತಾ ಕುಳಿತಳು. ಹೋಗಿ ನೋಡಿದರೆ ಪಾತ್ರೆಯಲ್ಲಿ ಯಾರದೋ ಬಿಳಿ ಅಂಗಿಯ ಎರಡು ತೋಳು ಕೊತಕೊತ ಕುದಿಯುತ್ತಿವೆ! ಅತ್ತೆ ಪಕ್ಕದಲ್ಲಿ ನಿಂತು ಸೌಟಿನಿಂದ ಅವನ್ನು ಶ್ರದ್ಧೆಯಾಗಿ ಮಗುಚುತ್ತಿದ್ದಾರೆ. ಈ ಸಲ "ನೀನೇ ಅಂದೆಯಲ್ಲ" ಎಂಬ ಮಾತೂ ಬರಲಿಲ್ಲ. ಸೊಸೆಯ ಮುಖ ನೋಡಿದವರೇ ಒಲೆ ಆರಿಸಿ, ಸೌಟು ಕೆಳಗಿಟ್ಟು, "ತಪ್ಪಾಯ್ತಮ್ಮ" ಎಂದರು.

ಅದನ್ನೂ ನಾದಿನಿಗೆ ಹೇಳಿದ್ದಾಯಿತು. "ತೋಳು ಬೆಂದಿತ್ತಾ ಅತ್ತಿಗೆ? ಉಪ್ಪು ಹಾಕಿದ್ರಾ?" ಎಂದು ಅವಳು, "ಇನ್ನೊಂದು ಕುದಿ ಬಂದಿದ್ರೆ ಬಡಿಸ್ತಿದ್ರು" ಎಂದು ಇವಳು. ಪರದೆಯ ಆಚೆ ಅತ್ತೆ ಇದ್ದಾರೆ ಎಂಬುದು ಇಬ್ಬರಿಗೂ ಮರೆತೇಹೋಗಿತ್ತು.

ಅಂದಿನಿಂದ ಅತ್ತೆ ಎಚ್ಚರವಾದರು. ಏನು ಹೇಳಿದರೂ ಪರದೆ ಸರಿಸಿ ಬಂದು, "ಏನಂದೆಯಮ್ಮ?" ಎಂದು ಮುಖ ನೋಡಿ ಕೇಳಿಕೊಂಡು ಹೋಗುತ್ತಿದ್ದರು. ತಪ್ಪುಗಳು ನಿಂತವು, ಸುದ್ದಿಯೂ ನಿಂತಿತು. ನಾದಿನಿ ಮಾತ್ರ ಸಂಜೆ ಸಂಜೆ ಫೋನು ಮಾಡಿ, "ಇವತ್ತೇನು ವಿಶೇಷ ಅತ್ತಿಗೆ? ಏನೂ ಇಲ್ವಾ?" ಎಂದು ಸಪ್ಪೆಯಾಗುತ್ತಿದ್ದಳು. ಕತೆ ಹೇಳಿ ನಗಿಸುವ ರುಚಿ ಹತ್ತಿದವರಿಗೆ ಸುಮ್ಮನಿರುವುದು ಎಷ್ಟು ಕಷ್ಟ ಅನ್ನುವುದು ಹತ್ತಿದವರಿಗೇ ಗೊತ್ತು. ಅಂಥದೊಂದು ಸಂಜೆ ಟೈಲರಮ್ಮನ ಬಾಯಿಂದ, ಅವಳನ್ನೇ ಕೇಳದೆ, ಮಾತೊಂದು ಜಾರಿತು.

"ಇವತ್ತು ಅಕ್ಕಿ ಡಬ್ಬದಲ್ಲಿ ಚಪ್ಪಲಿ!"

"ಅಯ್ಯಯ್ಯೋ! ಯಾರದು?"

"ನಿಮ್ಮಣ್ಣಂದೇ. ಅಕ್ಕಿ ಮೇಲೆ ಹೊದ್ದು ಮಲಗಿತ್ತು, ಪಾಪ."

ಚಪ್ಪಲಿಯೂ ಇರಲಿಲ್ಲ, ಗಿಪ್ಪಲಿಯೂ ಇರಲಿಲ್ಲ. ಗಂಡನ ಚಪ್ಪಲಿ ಗಂಡನ ಕಾಲಲ್ಲಿ ನೆಟ್ಟಗೆ ಕೆಲಸಕ್ಕೆ ಹೋಗಿ ನೆಟ್ಟಗೆ ವಾಪಸು ಬಂದಿತ್ತು. ನಾದಿನಿ ನಕ್ಕಳು. ಆದರೆ ನಗು ಅರ್ಧಕ್ಕೇ ನಿಂತಿತು. "ಅತ್ತಿಗೆ, ಇದು ಜಾಸ್ತಿ ಆಗ್ತಿದೆ ಅಲ್ವಾ?" ಎಂದಳು. ಟೈಲರಮ್ಮ ಆಗಲೇ "ಸುಮ್ನೆ ತಮಾಷೆಗಂದೆ ಕಣೆ" ಎಂದಿದ್ದರೆ ಮುಗಿಯುತ್ತಿತ್ತು. ಅನ್ನಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡಳು.

ನಾಳೆ ಬರುವಷ್ಟರಲ್ಲಿ ನಾದಿನಿ ಅಣ್ಣನಿಗೆ ಫೋನು ಮಾಡಿದ್ದಳು. ಪೆನ್ನು, ಬಟ್ಟೆ ಸರಿ, ಚಪ್ಪಲಿ ಅಂದರೆ ನಗುವ ಮಾತಲ್ಲ, ನಾಳೆ ಗ್ಯಾಸ್ ಹಚ್ಚಿ ಮರೆತರೆ ಯಾರು ಹೊಣೆ? ಅವಳ ಅಂಗಡಿಗೆ ಬರುವ ನರ್ಸೊಬ್ಬಳು ವೃದ್ಧಾಶ್ರಮವೊಂದನ್ನು ನೋಡಿಕೊಳ್ಳುತ್ತಾಳೆ, ಒಳ್ಳೆಯ ಜಾಗ, ಅಲ್ಲಿ ಅಡುಗೆಮನೆಗೆ ಬೀಗ ಇರುತ್ತದೆ. ಭಾನುವಾರ ಬಂದು ಅಮ್ಮನನ್ನು ಕರೆದುಕೊಂಡು ಹೋಗುತ್ತೇನೆ ಎಂದಿದ್ದಳು. ಗಂಡ ಮಾತು ಕಡಿಮೆಯ ಮನುಷ್ಯ. ಹೆಂಡತಿಯನ್ನು ಕರೆದು, "ಅಕ್ಕಿ ಡಬ್ಬದಲ್ಲಿ ಚಪ್ಪಲಿ, ನಿಜವಾ?" ಎಂದಷ್ಟೇ ಕೇಳಿದ. ಅತ್ತೆ ಎದುರಿಗೇ ಕುಳಿತಿದ್ದರು. ಟೈಲರಮ್ಮ ಹೌದೆಂದು ತಲೆಯಾಡಿಸಿದಳು. ನುಂಗಿದರೆ ಗಂಟಲಿಗೆ ಕುತ್ತು, ಉಗುಳಿದರೆ ಮರ್ಯಾದೆಗೆ.

ಅತ್ತೆ ಅಂದಿನಿಂದ ಒಲೆಯ ಹತ್ತಿರ ಹೋಗಲಿಲ್ಲ. ನೀರು ಬೇಕಾದರೂ, "ಒಂದು ಲೋಟ ತಗೊಳ್ಳಲಾ?" ಎಂದು ಕೇಳುತ್ತಿದ್ದರು. ನೂರಾರು ಮಕ್ಕಳಿಗೆ ಬಡಿಸಿದ ಕೈಗಳು ಮಡಿಲಲ್ಲಿ ಒಂದರ ಮೇಲೊಂದು ಕುಳಿತಿರುತ್ತಿದ್ದವು. ಒಂದು ಮಧ್ಯಾಹ್ನ ಅವರು ಮೆಷಿನ್ನಿನ ಹತ್ತಿರ ಬಂದು ನಿಂತರು.

"ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಯಾವ ಕಾಲಿನ ಚಪ್ಪಲಿ ಅದು?"

ಟೈಲರಮ್ಮನ ಪಾದ ಪೆಡಲಿನ ಮೇಲೆ ಹಾಗೇ ನಿಂತಿತು. "ಯಾಕೆ ಅತ್ತೆ?"

"ನೆನಪಾಗ್ತಾನೇ ಇಲ್ಲ. ಯಾವ ಕಾಲಿಂದು ಅಂತ ಗೊತ್ತಾದ್ರೆ ಹೊಳೆಯುತ್ತೇನೋ."

"ಎಡಗಾಲಿಂದು" ಎಂದಳು ಟೈಲರಮ್ಮ. ಯಾಕೆ ಅಂದಳೋ ಅವಳಿಗೇ ಗೊತ್ತಿಲ್ಲ. ಏನೋ ಒಂದು ಹೇಳಿದರೆ ಆ ಮುಖ ಅಲ್ಲಿಂದ ಸರಿಯುತ್ತದೆ ಎಂದಷ್ಟೇ. ಅತ್ತೆ "ಎಡಗಾಲು, ಎಡಗಾಲು" ಎಂದು ಗೊಣಗಿಕೊಳ್ಳುತ್ತಾ ಒಳಗೆ ಹೋದರು.

ಶನಿವಾರ ಕಂಡಕ್ಟರಮ್ಮ ಬಂದಳು. ಬಸ್ಸಿನಲ್ಲಿ ಟಿಕೆಟ್ಟು ಕೊಟ್ಟು ಕೊಟ್ಟು ಗಂಟಲು ಗಂಟೆಯಾದವಳು. ಅವಳು ಪಿಸುಗುಟ್ಟಿದರೆ ಬೀದಿ ತುದಿಗೆ ಕೇಳುತ್ತದೆ. ಹೊಸ ಸಮವಸ್ತ್ರ ಬೆನ್ನಿಗೆ ಬಿಗಿಯುತ್ತಿತ್ತು. ಟೈಲರಮ್ಮ ಎಂದಿನಂತೆ ಪಿನ್ನು ಕಚ್ಚಿಕೊಂಡು ಹಿಂದೆ ನಿಂತು, "ಬೆನ್ನು ನೆಟ್ಟಗಿಡಿ" ಎಂದಳು.

ಕಂಡಕ್ಟರಮ್ಮ ಜೇಬಿನಿಂದ ತನ್ನ ಪೆನ್ನು ತೆಗೆದು ಮೂಗಿನ ಮುಂದೆ ನೆಟ್ಟಗೆ ಹಿಡಿದಳು.

"ಇದೇನು ಮಾಡ್ತಿದ್ದೀರಿ?"

"ನೀವೇ ಅಂದ್ರಲ್ಲ, ಪೆನ್ನು ನೆಟ್ಟಗಿಡಿ ಅಂತ! ಏನೋ ಅಳತೆಗೆ ಇರಬೇಕು ಅಂದ್ಕೊಂಡೆ. ರೀ ಟೈಲರಮ್ಮ, ಆ ಪಿನ್ನು ಕಚ್ಕೊಂಡು ಮಾತಾಡಿದ್ರೆ ಬೆನ್ನೂ ಒಂದೇ, ಪೆನ್ನೂ ಒಂದೇ, ಬೆಣ್ಣೆಯೂ ಒಂದೇ. ತುಟಿ ಕೂಡಿದ್ರೆ ತಾನೆ ಅಕ್ಷರ ಹುಟ್ಟೋದು?" ಎಂದು ತನ್ನ ಜೋಕಿಗೆ ತಾನೇ ಗಹಗಹಿಸಿ ನಕ್ಕಳು.

ಟೈಲರಮ್ಮ ನಗಲಿಲ್ಲ. ಪಿನ್ನುಗಳನ್ನು ಒಂದೊಂದಾಗಿ ತುಟಿಯಿಂದ ತೆಗೆದು ಅಂಗೈಯಲ್ಲಿಟ್ಟುಕೊಂಡಳು. ಬೆಣ್ಣೆ ಫ್ರಿಜ್ಜಲ್ಲಿಡಿ. ಮೊಟ್ಟೆ ಬೇಯಲಿಕ್ಕಿಡಿ. ಪರದೆಯ ಆಚೆ ಕಿವಿ ಕೊಟ್ಟು ನಿಂತ ಅತ್ತೆಗೆ ಏನು ಕೇಳಿತೋ ಅದನ್ನೇ ಅವರು ಮಾಡಿದ್ದರು, ಹಾಸ್ಟೆಲ್ಲಿನ ಹಾಗೆ, ಯಾಕೆ ಏನು ಎನ್ನದೆ. ಆಗಿದ್ದ ಎರಡು ತಪ್ಪೂ ತನ್ನವೇ. ಆಗದಿದ್ದ ಮೂರನೆಯದಂತೂ ಪೂರಾ ತನ್ನದು.

ಕಂಡಕ್ಟರಮ್ಮನನ್ನು ಸಾಗಹಾಕಿ ಒಳಗೆ ಹೋದರೆ, ಅತ್ತೆ ಮಂಚದ ಮೇಲೆ ಬಟ್ಟೆ ಮಡಚಿ ಚೀಲಕ್ಕೆ ತುಂಬುತ್ತಿದ್ದರು.

"ಅತ್ತೆ, ಕೂತ್ಕೊಳ್ಳಿ. ನಾನು ಒಂದು ಮಾತು ಅಂತೀನಿ, ನಿಮಗೆ ಏನು ಕೇಳಿಸ್ತು ಅಂತ ಹೇಳಿ." ಅವಳು ಪಿನ್ನು ಕಚ್ಚಿಕೊಂಡು, ಬೆನ್ನು ತಿರುಗಿಸಿ ನಿಂತು, ಅದೇ ಮಾತನ್ನು ಮತ್ತೆ ಅಂದಳು.

"ಬಟ್ಟೆ ಬೇಯಕ್ಕಿಡಿ ಅಂದೆ" ಎಂದರು ಅತ್ತೆ.

"ಮೊಟ್ಟೆ ಅತ್ತೆ. ಮೊಟ್ಟೆ ಅಂದೆ."

ಅತ್ತೆ ಮಂಚದಂಚಿಗೆ ಸರಿದು ಕಿವಿ ಮುಂದೆ ಚಾಚಿದರು. "ಇನ್ನೊಂದು ಸಲ ಅನ್ನು" ಎಂದರು. ಅಂದಳು. ಬೆಣ್ಣೆಯನ್ನೂ ಅಂದಳು. ಅತ್ತೆಯ ಹೊಟ್ಟೆ ಮೊದಲು ಅಲುಗಿತು, ಆಮೇಲೆ ಭುಜ, ಆಮೇಲೆ ಇಡೀ ಮಂಚ. ಕಣ್ಣು ಒರೆಸಿಕೊಳ್ಳುತ್ತಾ, "ಅಯ್ಯೋ ಹುಚ್ಚಿ! ನಾನು ಆ ತೋಳಿಗೆ ಸೋಡಾ ಬೇರೆ ಹಾಕಿದ್ದೆ ಕಣೆ, ಬೆಳ್ಳಗಾಗಲಿ ಅಂತ!" ಎಂದರು. ವಾರಗಳ ಮೇಲೆ ಆ ಮನೆಯಲ್ಲಿ ಅವರ ನಗು ಕೇಳಿದ್ದು ಅದೇ ಮೊದಲು. ನಗುತ್ತಲೇ ಮಡಚಿದ ಬಟ್ಟೆಯನ್ನು ಚೀಲದಿಂದ ಹೊರಗೆ ತೆಗೆದರು.

ತೆಗೆಯುತ್ತಿದ್ದ ಕೈ ನಿಂತಿತು.

"ಹಾಗಾದ್ರೆ ಚಪ್ಪಲಿಗೆ ಏನಂದಿದ್ದೆ ನೀನು? ನೆನಪು ಮಾಡ್ಕೋ. ಉಪ್ಪಲ್ಲಿ ಅಂದಿದ್ದೆಯಾ? ಉಪ್ಪಲ್ಲಿ, ಚಪ್ಪಲಿ... ಹಾಗೇ ಏನೋ ಇರಬೇಕು, ಅಲ್ವಾ?"

ಪಾರಾಗಲು ಬಾಗಿಲು ತಾನಾಗೇ ತೆರೆದು ನಿಂತಿತ್ತು. ಹೌದು ಅತ್ತೆ, ಉಪ್ಪಲ್ಲಿ ಅಂದಿದ್ದೆ ಎಂದರೆ ಸಾಕು. ಅತ್ತೆಯ ತಲೆಯೂ ಸರಿ, ಸೊಸೆಯ ಮರ್ಯಾದೆಯೂ ಸರಿ, ಕಂಡಕ್ಟರಮ್ಮನ ಜೋಕು ಇನ್ನೊಂದು ವರ್ಷ ಎಲ್ಲರನ್ನೂ ನಗಿಸುತ್ತದೆ. ಆ "ಹೌದು" ಎಂಬ ಪದ ಟೈಲರಮ್ಮನ ನಾಲಗೆಯ ಮೇಲೆ ಬಂದು ಕುಳಿತೂ ಆಗಿತ್ತು. ಆದರೆ ಎದುರಿಗಿದ್ದ ಮುಖ ಅಷ್ಟೊಂದು ಆಸೆಯಿಂದ ಕಾಯುತ್ತಿತ್ತು.

"ಇಲ್ಲ ಅತ್ತೆ. ಏನೂ ಅಂದಿರಲಿಲ್ಲ. ಚಪ್ಪಲಿ ಅಕ್ಕಿ ಡಬ್ಬದಲ್ಲಿ ಇರಲೇ ಇಲ್ಲ. ನಾನು ಕಟ್ಟಿದ್ದು. ಸುಳ್ಳು."

"ಸುಳ್ಳಾ?"

"ನಿಮ್ಮ ಮಗಳು ನಗಲಿ ಅಂತ ಹೇಳಿದೆ. ಆಮೇಲೆ ವಾಪಸು ತಗೊಳ್ಳೋಕೆ ಬಾಯಿ ಬರಲಿಲ್ಲ."

ಅತ್ತೆ ನಿಧಾನವಾಗಿ ತಲೆಯಾಡಿಸಿದರು. ಒಪ್ಪಿದ್ದಕ್ಕಲ್ಲ. "ನನ್ನ ಸಮಾಧಾನಕ್ಕೆ ಹೇಳ್ತಿದ್ದೀಯ. ಒಳ್ಳೆಯವಳು ನೀನು."

"ಅಲ್ಲ ಅತ್ತೆ, ನಿಜವಾಗ್ಲೂ..."

"ಎಡಗಾಲಿಂದು ಅಂದೆಯಲ್ಲ. ಸುಳ್ಳಿಗೂ ಎಡ ಬಲ ಇರುತ್ತಾ?" ಅವರ ದನಿ ಚಿಕ್ಕದಾಯಿತು. "ನನಗೀಗ ನೆನಪಿದೆ ಕಣಮ್ಮ. ಮೊದಲು ಇರಲಿಲ್ಲ. ನೀನು ಎಡಗಾಲು ಅಂದ ಮೇಲೆ ನೆನಪಾಯ್ತು. ಡಬ್ಬದ ಮುಚ್ಚಳ ತೆಗೆದೆ, ಇಟ್ಟೆ. ಅಕ್ಕಿ ಮೇಲೆ ಒಂಚೂರು ಮಣ್ಣು ಉದುರಿತು. ಬೆರಳಲ್ಲಿ ತೆಗೆದೆ."

ಅಂಗಿಯಾದರೆ ಹೊಲಿಗೆ ಬಿಚ್ಚಿ ಮತ್ತೆ ಹೊಲಿಯಬಹುದು. ಇನ್ನೊಬ್ಬರ ತಲೆಯೊಳಗೆ ತಾನು ಹಾಕಿದ ಹೊಲಿಗೆಯನ್ನು ಯಾವ ಕತ್ತರಿಯಿಂದ ಬಿಚ್ಚುವುದು? ಟೈಲರಮ್ಮ ಫೋನು ತೆಗೆದು, ಅತ್ತೆಗೂ ಕೇಳುವ ಹಾಗೆ ಸ್ಪೀಕರ್ ಹಾಕಿ, ನಾದಿನಿಗೆ ಕರೆ ಮಾಡಿದಳು.

"ಏನತ್ತಿಗೆ? ಇವತ್ತೇನು ಸಿಕ್ತು?" ನಾದಿನಿಯ ದನಿಯಲ್ಲಿ ಹಳೆಯ ನಗು ಅಭ್ಯಾಸಬಲದಿಂದ ಇಣುಕಿತು.

ಟೈಲರಮ್ಮ ಹೇಳಿದಳು. ಪಿನ್ನಿನಿಂದ ಶುರುಮಾಡಿ ಎಡಗಾಲಿನವರೆಗೆ, ಉಪ್ಪು ಖಾರ ಯಾವುದೂ ಹಚ್ಚದೆ. ಅವಳು ಹೇಳಿದ ಕತೆಗಳಲ್ಲಿ ಯಾರೂ ನಗದ ಕತೆ ಅದೊಂದೇ.

"ಅಮ್ಮನ ಎದುರಿಗೇ ಅಣ್ಣ ಕೇಳಿದಾಗ ತಲೆಯಾಡಿಸಿದ್ರಾ ನೀವು?"

"ಹೂಂ."

"ಅಮ್ಮನ್ನ ನಾನೂ ಒಂದು ಮಾತು ಕೇಳ್ಬೇಕಿತ್ತು, ಬರೀ ನಕ್ಕೆ" ಎಂದಳು ನಾದಿನಿ. ಆಮೇಲೆ, "ನಾಳೆ ಬರ್ತೀನಿ. ಅಮ್ಮನ್ನ ಕರ್ಕೊಂಡು ಹೋಗೋಕಲ್ಲ. ನಿಮ್ಮ ಹತ್ರ ಮಾತಾಡೋದಿದೆ ಅತ್ತಿಗೆ" ಎಂದು ಫೋನಿಟ್ಟಳು.

ಅತ್ತೆ ಉಳಿದ ಬಟ್ಟೆಯನ್ನೂ ಚೀಲದಿಂದ ತೆಗೆದಿಟ್ಟರು. ಬೈದಿದ್ದರೆ ಚೆನ್ನಾಗಿತ್ತು. ಒಂದು ಕೆನ್ನೆಗೆ ಬಾರಿಸಿದ್ದರೆ ಇನ್ನೂ ಚೆನ್ನಾಗಿತ್ತು. ಅವರು ಎದ್ದು, ಗೋಡೆ ಹಿಡಿದುಕೊಂಡು ಅಡುಗೆಮನೆಗೆ ನಡೆದರು. ಈ ಸಲ ಕೇಳಲಿಲ್ಲ. ಟೀಗೆ ನೀರಿಟ್ಟರು. ಗ್ಯಾಸಿನ ತಿರುಗುಣಿ ತಿರುಗಿಸಿ ಕಡ್ಡಿ ಗೀರಿದರು. ಬೆಂಕಿ ಹತ್ತಿತು. ಅದನ್ನು ನೋಡಿದರು, ಬಗ್ಗಿ ಇನ್ನೊಮ್ಮೆ ನೋಡಿದರು. ನೀರು ಕುದಿದು, ಟೀ ಸೋಸಿ, ಒಲೆ ಆರಿಸಿದ ಮೇಲೆ ತಿರುಗುಣಿಯ ಮೇಲಿನ ಕೈ ತೆಗೆಯಲು ಅವರಿಂದಾಗಲಿಲ್ಲ.

"ಆರಿಸಿದ್ದೀನಿ ತಾನೆ?"

"ಆರಿಸಿದ್ದೀರಿ ಅತ್ತೆ."

ಅತ್ತೆ ತಿರುಗಿ ಅವಳ ಕಣ್ಣನ್ನೇ ನೋಡಿದರು. ಗದರಿಕೆ ಇರಲಿಲ್ಲ ಆ ನೋಟದಲ್ಲಿ, ಬರೀ ತಿಳಿದುಕೊಳ್ಳುವ ಆಸೆ.

"ನಿಜ ಹೇಳ್ತಿದ್ದೀಯ ತಾನೆ?"

"ನಿಜ ಅತ್ತೆ" ಎಂದಳು ಟೈಲರಮ್ಮ. ಹೇಳಿದ್ದು ಸಾಲದು ಅನ್ನಿಸಿ, ಹತ್ತಿರ ಹೋಗಿ, ಅವರ ಕೈಯ ಮೇಲೆ ತನ್ನ ಕೈಯಿಟ್ಟಳು. ಇಬ್ಬರೂ ಸೇರಿ ತಿರುಗುಣಿಯನ್ನು ಇನ್ನೊಮ್ಮೆ ಮುಟ್ಟಿ ನೋಡಿದರು.