ಹಿಮ ಬಿದ್ದ ಮಂಗಳವಾರ

ಮಾರಿವಿಕ್ ನನಗಿಂತ ಹತ್ತು ವರ್ಷ ಚಿಕ್ಕವಳು. ಇಬ್ಬರೂ ಫಿಲಿಪೀನ್ಸಿನ ಇಲೊಯಿಲೊದವರು, ಇಬ್ಬರೂ ಜಪಾನಿನ ಫುಕುಶಿಮಾದ ಗಂಡಸರನ್ನು ಮದುವೆಯಾಗಿ ಬಂದವರು. ನನ್ನವನು ಬಿಟ್ಟುಹೋದ; ನಾನು ಪೇಟೆಯ ಬುತ್ತಿ ಅಂಗಡಿಯಲ್ಲಿ ಅನ್ನ ತುಂಬುತ್ತ ಉಳಿದೆ. ಅವಳ ಗಂಡ ಕುನಿಹಿಕೊ ಒಳ್ಳೆಯವನು. ಬೆಟ್ಟದ ಹಳ್ಳಿಯಲ್ಲಿ ಹಸು ಸಾಕಿದ್ದ. "ನನಗಿಂತ ಹಸುಗಳನ್ನೇ ಮೆತ್ತಗೆ ಮಾತಾಡಿಸ್ತಾನೆ ಕಣಕ್ಕಾ" ಎಂದು ಮಾರಿವಿಕ್ ನಗುತ್ತಿದ್ದಳು.

ಭೂಮಿ ನಡುಗಿ, ಕಡಲು ಉಕ್ಕಿ, ಅಣುಸ್ಥಾವರ ಸಿಡಿದಾಗಲೂ ಆ ಹಳ್ಳಿ ದೂರದಲ್ಲಿದೆ, ಹೆದರಬೇಕಾದ್ದಿಲ್ಲ ಎಂದೇ ಎಲ್ಲರೂ ನಂಬಿದ್ದರು. ಕರಾವಳಿಯಿಂದ ಓಡಿಬಂದವರಿಗೆ ಅಲ್ಲಿನವರೇ ಅನ್ನದುಂಡೆ ಕಟ್ಟಿಕೊಟ್ಟರು. ಮಂಗಳವಾರ ಮಳೆ ಹನಿಯಿತು, ಸಂಜೆಗೆ ಅದೇ ಹಿಮವಾಯಿತು. ನಲ್ಲಿ ನಿಂತುಹೋಗಿತ್ತು. ಮಾರಿವಿಕ್ ಐದು ವರ್ಷದ ಮಗಳು ಚಿಹೊಳ ಜೊತೆ ನೀರಿನ ಲಾರಿಯ ಮುಂದೆ ಸಾಲು ನಿಂತಳು. ಮಗು ಬಾಯಿ ತೆರೆದು ಹಿಮ ಹಿಡಿಯುತ್ತ ಕುಣಿಯಿತು. ಆವತ್ತು ಗಾಳಿ ಸ್ಥಾವರದಿಂದ ಆ ಹಳ್ಳಿಯತ್ತಲೇ ಬೀಸಿತ್ತು, ವಿಕಿರಣದ ವಿಷ ಹಿಮದೊಂದಿಗೆ ಇಳಿದಿತ್ತು ಎಂದು ಟಿ.ವಿ.ಯಲ್ಲಿ ಹೇಳಿದ್ದು ಆಮೇಲೆ.

ಅದನ್ನು ಕೇಳಿದವಳೇ ಮಗಳನ್ನು ಎತ್ತಿಕೊಂಡು ನನ್ನ ಮನೆಗೆ ಬಂದಳು. ಚಿಹೊಳ ಮೈಯನ್ನು ಕೆಂಪಾಗುವಷ್ಟು ಉಜ್ಜಿದಳು.

"ಸಾಕು ಬಿಡೇ, ಚರ್ಮ ಕಿತ್ಕೊಂಡು ಬರತ್ತೆ" ಎಂದೆ.

"ಹೊರಗಿಂದು ತೊಳೀಬಹುದಕ್ಕಾ. ನುಂಗಿದ್ದನ್ನ ಏನ್ ಮಾಡ್ಲಿ? ನಾನೇ ಕರ್ಕೊಂಡು ಹೋಗಿದ್ದೆ."

ನಮ್ಮ ದೇಶದವರನ್ನು ಫಿಲಿಪೀನ್ಸಿಗೆ ವಾಪಸು ಕಳಿಸಲು ರಾಯಭಾರ ಕಚೇರಿಯ ಬಸ್ಸು ಚರ್ಚಿನ ಮುಂದೆ ಬಂತು. ಬೀಳ್ಕೊಡಲು ಕುನಿಹಿಕೊ ಸಗಣಿಯ ಬೂಟಿನಲ್ಲೇ ಬಂದಿದ್ದ.

"ನೀನೂ ಬಾ" ಎಂದು ಮಾರಿವಿಕ್ ಅವನ ತೋಳು ಜಗ್ಗಿದಳು.

"ಹಾಲು ಕರೀದೇ ಇದ್ರೆ ಹಸುಗಳು ಕೆಚ್ಚಲು ಬಾತು ಸಾಯ್ತವೆ."

"ಆ ಹಾಲು ಯಾರೂ ತಗೊಳ್ಳಲ್ಲ. ಗುಂಡಿಗೆ ಸುರೀತಿದೀಯ!"

"ಹಸುಗಳಿಗೆ ಅದು ಗೊತ್ತಿಲ್ವಲ್ಲ."

"ಹಾಗಾದ್ರೆ ಅವುಗಳ ಜೊತೆಗೇ ಸಂಸಾರ ಮಾಡು" ಎಂದು ಕೂಗಿ ಬಸ್ಸು ಹತ್ತಿದಳು. ನನ್ನನ್ನೂ ಕರೆದಳು. ಊರಲ್ಲಿ ನನಗೆ ಯಾರಿದ್ದರು? ನಾನು ಹತ್ತಲಿಲ್ಲ.

ಇಲೊಯಿಲೊದ ಅಣ್ಣನ ಮನೆಯಲ್ಲಿ ಮೊದಲ ವಾರ ಅವಳಿಗೆ ಹಬ್ಬದೂಟ. ಆಮೇಲೆ ಅತ್ತಿಗೆ ಚಿಹೊಳ ತಟ್ಟೆ ಬೇರೆ ಇಟ್ಟಳು, ತನ್ನ ಮಕ್ಕಳ ಪಕ್ಕ ಮಲಗಿಸುವುದನ್ನು ಬಿಟ್ಟಳು. "ಅಂಟೋ ರೋಗ ಅಲ್ಲ ಅಂದ್ರೆ, 'ನಿಂಗೇನ್ ಗೊತ್ತು, ನೀನೇನ್ ಡಾಕ್ಟರಾ' ಅಂತಾಳೆ" ಎಂದು ಮಾರಿವಿಕ್ ಫೋನಿನಲ್ಲಿ ಅತ್ತಳು. ಮಗುವಿಗೆ ಸಣ್ಣ ಜ್ವರ ಬಂದರೂ ಅವಳು ನಿದ್ದೆ ಮಾಡುತ್ತಿರಲಿಲ್ಲ.

ಇತ್ತ ಹಳ್ಳಿ ಖಾಲಿ ಮಾಡಬೇಕೆಂದು ಸರ್ಕಾರದ ಆಜ್ಞೆ ಬಂತು. ಹಸುಗಳನ್ನು ಲಾರಿಗೆ ಹತ್ತಿಸಿ ಕಸಾಯಿಖಾನೆಗೆ ಒಯ್ದರು. ಒಂದು ಮುದಿ ಹಸು ಹತ್ತಲೊಲ್ಲದೆ ಕಾಲೂರಿ ನಿಂತಾಗ ಕುನಿಹಿಕೊನೇ ಹಣೆ ಸವರಿ ಒಳಗೆ ನಡೆಸಿದನಂತೆ. ಸರ್ಕಾರ ಕಟ್ಟಿಕೊಟ್ಟ ತಗಡಿನ ಮನೆಯಲ್ಲಿ ಅವನು ಸುಮ್ಮನೆ ಕುಳಿತಿರುತ್ತಿದ್ದ.

ಚಳಿಗಾಲದ ಮೊದಲು ಮಾರಿವಿಕ್ ಮಗಳನ್ನು ಅಲ್ಲೇ ಬಿಟ್ಟು ಒಬ್ಬಳೇ ವಾಪಸು ಬಂದಳು. ನಾನೇ ಅವಳನ್ನು ತಗಡಿನ ಮನೆಗೆ ಕರೆದೊಯ್ದೆ. ಅವಳು ಗಂಡನ ಮುಂದೆ ನೆಲಕ್ಕೆ ಹಣೆ ಹಚ್ಚಿ ಕ್ಷಮೆ ಕೇಳಿದಳು. "ಚಿಹೊನ ಕರೆಸ್ಕೋತೀನಿ. ಮತ್ತೆ ಮನೆ ಹೂಡೋಣ."

ಕುನಿಹಿಕೊ ಅವಳನ್ನು ಎಬ್ಬಿಸಿದ. ಸಿಟ್ಟಿರಲಿಲ್ಲ. "ಅವಳನ್ನ ಇಲ್ಲಿಗೆ ತರಬೇಡ. ದೊಡ್ಡವಳಾದ್ಮೇಲೆ ಯಾವ ಊರವಳು ಅಂತ ಕೇಳ್ತಾರೆ. ಈ ಊರಿನ ಹೆಸರು ಹೇಳಿದ್ರೆ ಯಾರು ಮದುವೆ ಆಗ್ತಾರೆ?"

"ಹಾಗಾದ್ರೆ ನೀನೇ ಬಾ."

"ಅಲ್ಲಿ ನಾನೇನು ಮಾಡ್ಲಿ?"

ಮಾರಿವಿಕ್ ಎದ್ದು ಚೀಲ ಹೆಗಲಿಗೇರಿಸಿದಳು.

ಅವಳು ಇಲೊಯಿಲೊಗೆ, ಮಗಳ ಬಳಿಗೆ ಹಿಂದಿರುಗಿದಳು. ಕುನಿಹಿಕೊ ಭಾನುವಾರ ಭಾನುವಾರ ನನ್ನ ಮನೆಗೆ ಬಂದು ಮಗಳಿಗೆ ಫೋನು ಮಾಡುತ್ತಿದ್ದ. ಎರಡನೆಯ ವರ್ಷದ ಹೊತ್ತಿಗೆ ಚಿಹೊಗೆ ಜಪಾನಿ ಮರೆತೇಹೋಗಿತ್ತು. ಅಪ್ಪ ಕೇಳಿದ್ದನ್ನು ನಾನು ನಮ್ಮ ಮಾತಿನಲ್ಲಿ ಅವಳಿಗೆ ಹೇಳಬೇಕು, ಅವಳು ಹೇಳಿದ್ದನ್ನು ಅವನಿಗೆ.

ಒಂದು ಭಾನುವಾರ ಅವಳು ಏನೋ ಅಂದು ಫೋನು ಕೆಳಗಿಟ್ಟಳು.

"ಏನಂದ್ಲು, ಎರ್ಲಿಂಡಾ ಅವರೇ?"

"ಆಟಕ್ಕೆ ಹೋಗ್ಬೇಕಂತೆ" ಎಂದೆ. ಅವಳು ಅಂದದ್ದೂ ಅಷ್ಟೇ.

"ಹೋಗ್ಲಿ ಪಾಪ. ಇನ್ಮೇಲೆ ಅದೇ ಅವಳ ಊರು" ಎಂದು ಟೋಪಿ ಹಾಕಿಕೊಂಡ. ಮುಂದಿನ ಭಾನುವಾರ ಅವನು ಬರಲಿಲ್ಲ. ಆಮೇಲೂ ಬರಲಿಲ್ಲ.