ಕ್ರೌಚ್ ತೊಟ್ಟ ಕೋಟು

"ಕೋಟು ಬಿಚ್ಚೋ, ಗಲೀಷಿಯದ ನಾಯಿ," ಅಂದ ಹಿರಾಮ್ ಕ್ರೌಚ್.

ಕಡಲು ದಾಟಿ ಕೂಲಿಗೆ ಬಂದ ನಮಗೆಲ್ಲ ಇಲ್ಲಿ ಅದೇ ಹೆಸರು. ಕವೆಗೋಲಿನಲ್ಲಿದ್ದ ಗೋಧಿ ಸಿವುಡನ್ನು ಒಕ್ಕುವ ಯಂತ್ರದ ಬಾಯಿಗೆ ಎಸೆದು ತಿರುಗಿದೆ. ಆಸಾಮಿ ಒಟ್ಟಾವಾದ ಪಾರ್ಲಿಮೆಂಟಿನಿಂದ ಈಗಷ್ಟೇ ಬಂದಿಳಿದಿದ್ದ, ಜೊತೆಗೊಬ್ಬ ಫೋಟೋದವನು. ಮುಂದಿನ ತಿಂಗಳು ಚುನಾವಣೆ. ಫೋಟೋದಲ್ಲಿ ಮಣ್ಣಿನ ಮಗನಾಗಿ ಕಾಣಲು ಕೊಳಕು ಕೋಟು ಬೇಕಿತ್ತು.

ಇವನೇನು ಹುಟ್ಟಾ ಸಾಹೇಬನಲ್ಲ. ಹನ್ನೆರಡು ವರ್ಷದ ಹಿಂದೆ ಸಸ್ಕಾಚೆವಾನಿನ ಇದೇ ಬಯಲಿನ ಮಣ್ಣುಗುಡಿಸಲಲ್ಲಿದ್ದ. ಧಾನ್ಯ ಕೊಳ್ಳುವ ಕಂಪನಿಯವನು ಬೆಲೆ ಇಳಿಸಲು ಊರವರ ಗೋಧಿಯನ್ನು ಕಸ ಅಂದಾಗ, ಕೊರಳಪಟ್ಟಿ ಹಿಡಿದು ಆ ಗೋಧಿಯನ್ನೇ ಅವನ ಬಾಯಿಗೆ ತುರುಕಿದ್ದ. ಅವತ್ತು ಇವನನ್ನು ಹೆಗಲ ಮೇಲೆ ಹೊತ್ತು ಕುಣಿದವರು ನಾನು ಮತ್ತು ನನ್ನ ಜೊತೆಗಾರ ಹ್ನಾತ. ಆಮೇಲೆ ಎರಡು ಸಲ ಚುನಾವಣೆ ಗೆದ್ದ. ಈಗ ನಾವು ಅವನ ಹೊಲದ ಕೂಲಿಗಳು, ಮಲಗುವುದು ಅವನ ಕುದುರೆ ಲಾಯದಲ್ಲಿ.

ಅದೇ ಲಾಯದಲ್ಲಿ ಹ್ನಾತ ಬಿದ್ದಿದ್ದ. ಮಧ್ಯಾಹ್ನ ಯಂತ್ರದ ಬೆಲ್ಟಿಗೆ ಸಿಕ್ಕಿ ಅವನ ಕೈ ಮೊಣಕೈ ತನಕ ಜಜ್ಜಿಹೋಗಿತ್ತು. ಹಗ್ಗ ಬಿಗಿದರೂ ರಕ್ತ ನಿಲ್ಲಲಿಲ್ಲ. ಡಾಕ್ಟರಿಗೆ ಮೂವತ್ತು ಮೈಲಿ. ಗಾಡಿಗಳೆಲ್ಲ ಗೋಧಿ ಹೇರಿಕೊಂಡು ಹೋಗಿದ್ದವು. ಇದ್ದದ್ದು ಕ್ರೌಚನ ಕಾರೊಂದೇ.

ಕೇಳಿದೆ. ಟೋಪಿ ತೆಗೆದೇ ಕೇಳಿದೆ.

"ಫೋಟೋ ಆಗ್ಲಿ, ನೋಡಾಣ. ಬಿಸ್ಲು ಇಳೀತೈತೆ."

"ಅಷ್ಟೊತ್ಗೆ ಸತ್ತೋಯ್ತಾನೆ, ಧಣಿ."

"ನಿಮ್ಮೋರು ಅಷ್ಟು ಸಲೀಸಾಗಿ ಸಾಯಲ್ಲ. ಕೋಟು ತಾ."

"ಅವನ್ನ ಎತ್ಕೊಂಡೋಗಿದ್ದು ಇದ್ರಾಗೆ. ರಕ್ತ ಮೆತ್ಕೊಂಡೈತೆ."

ಫೋಟೋದವನು ಕೋಟು ಮುಟ್ಟಿ ನೋಡಿ, ಚಿತ್ರದಲ್ಲಿ ಅದೂ ಮಣ್ಣಿನ ಹಾಗೇ ಕಾಣುತ್ತದೆ ಬಿಡಿ ಅಂದ. ಕ್ರೌಚ್ ತೊಟ್ಟುಕೊಂಡ. ನನ್ನ ಕವೆಗೋಲು ಕಿತ್ತುಕೊಂಡು, ಗದ್ದ ಎತ್ತಿ ಯಂತ್ರದ ಮುಂದೆ ನಿಂತ.

ಎಂಜಿನ್ ನೋಡಿಕೊಳ್ಳುವ ಪ್ರೋಕೋಪನ ಕಡೆ ನೋಡಿದೆ. ಅವನು ಉಗಿ ನಿಲ್ಲಿಸಿದ. ಬೆಲ್ಟು ನಿಂತಿತು. ಸಿವುಡು ಎಸೆಯುತ್ತಿದ್ದವರೆಲ್ಲ ಕವೆಗೋಲು ಬಿಸಾಕಿ ನನ್ನ ಹಿಂದೆ ಲಾಯಕ್ಕೆ ಬಂದರು. ಹ್ನಾತನನ್ನು ಕಂಬಳಿಯಲ್ಲಿ ಹೊತ್ತು ತಂದು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿದೆವು. ಪ್ರೋಕೋಪ ಸ್ಟಿಯರಿಂಗ್ ಚಕ್ರ ಹಿಡಿದ. ಕಾರಿನ ಮೂತಿಯಲ್ಲಿದ್ದ ಹಿಡಿ ತಿರುಗಿಸಿ ಚಾಲೂ ಮಾಡಿ ನಾನು ಹತ್ತಿದೆ, ಹ್ನಾತನ ತಲೆ ತೊಡೆಯ ಮೇಲಿಟ್ಟುಕೊಂಡೆ. ಅವನ ಹಣೆ ತಣ್ಣಗಿತ್ತು.

ಕ್ರೌಚ್ ಕವೆಗೋಲು ಹಿಡಿದೇ ಓಡಿಬಂದ. "ಇಳೀರಲೇ, ಕಳ್ ಸೂಳೆಮಕ್ಳ. ಜೈಲಿಗಾಕುಸ್ತೀನಿ."

"ಹಾಕ್ಸು," ಅಂದೆ. "ಕೋಟು ಮಾತ್ರ ತೊಳೀಬ್ಯಾಡ. ಅದ್ನೇ ಹಾಕ್ಕಂಡು ಓಟು ಕೇಳಾಕ್ ಬಾ."