ಹನ್ನೊಂದು ಬಗೆಯ ಬ್ಯಾಚ್ ನಂಬರ್

ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಅವಳು ಏಳು ವರ್ಷದಿಂದ ಪ್ರೋಗ್ರಾಮರ್. ಒಂದು ಇಂಜೆಕ್ಷನ್ನಿನ ಒಂದು ಬ್ಯಾಚು ಕೆಟ್ಟಿದೆ, ಅದನ್ನು ಪಡೆದವರನ್ನೆಲ್ಲ ಕೂಡಲೇ ಕರೆಸಿ ಕಿಡ್ನಿ ಪರೀಕ್ಷೆ ಮಾಡಿ ಎಂದು ಸೋಮವಾರ ಪತ್ರ ಬಂತು. ಮೇಲಧಿಕಾರಿ ಕಂಪ್ಯೂಟರಿನಲ್ಲಿ ಬ್ಯಾಚ್ ನಂಬರ್ ಒತ್ತಿ ಹುಡುಕಿದರು. ಮೂವತ್ತೊಂದು ಹೆಸರು ಸಿಕ್ಕವು.

"ಮುಗೀತು," ಅಂದರು.

"ಇಲ್ಲ ಸರ್. ನಮ್ಮ ಚಿಕ್ಕಮ್ಮನಿಗೂ ಅದೇ ಬ್ಯಾಚ್ ಕೊಟ್ಟಿದ್ದಾರೆ, ಅವರ ಚೀಟಿಯಲ್ಲಿ ನೋಡಿದ್ದೀನಿ. ಪಟ್ಟಿಯಲ್ಲಿ ಅವರಿಲ್ಲ."

"ಒಬ್ರು ಬಿಟ್ಟುಹೋಗಿರಬಹುದಮ್ಮ. ಸೇರಿಸ್ಕೊಳ್ಳಿ."

ಅವಳ ಮೈ ಉರಿದುಹೋಯಿತು. ನರ್ಸುಗಳು ಅವಸರದಲ್ಲಿ ಟೈಪ್ ಮಾಡಿದ್ದ ಟಿಪ್ಪಣಿಗಳನ್ನು ತೆರೆದಳು. ಒಬ್ಬರು ನಂಬರಿನ ನಡುವೆ ಅಡ್ಡಗೆರೆ ಹಾಕಿದ್ದರು, ಇನ್ನೊಬ್ಬರು ಜಾಗ ಬಿಟ್ಟಿದ್ದರು, ಮತ್ತೊಬ್ಬರು ಸೊನ್ನೆಯ ಬದಲು 'ಓ' ಒತ್ತಿದ್ದರು. ಹನ್ನೊಂದು ಬಗೆ ಎಣಿಸಿದಳು. ಟಿಪ್ಪಣಿಗಳೋ ತೊಂಬತ್ತು ಸಾವಿರ.

ಆಫೀಸಿನಲ್ಲಿ ಬಳಸುತ್ತಿದ್ದದ್ದು ಫಾರಂ ತುಂಬಿಸಲೆಂದೇ ಮಾಡಿದ ಪ್ರೋಗ್ರಾಮಿಂಗ್ ಭಾಷೆ. ಬರಹವನ್ನು ಒಂದೊಂದೇ ಅಕ್ಷರ ಕತ್ತರಿಸಿ ಹೋಲಿಸಬೇಕು. ಇನ್ನೂರು ಸಾಲು ಬರೆದರೂ ಒಂದು ಬಗೆ ಹಿಡಿದರೆ ಇನ್ನೊಂದು ನುಣುಚಿಕೊಳ್ಳುತ್ತಿತ್ತು.

ಸಂಜೆ ಅವಳು ಪಾತ್ರೆ ಕುಕ್ಕುವ ಸದ್ದಿಗೆ ಮಾವ ಅಡುಗೆಮನೆಗೆ ಬಂದರು. ಪತ್ರಿಕೆಯೊಂದರ ಹಳೆಯ ಸಂಚಿಕೆಗಳನ್ನು ಕಂಪ್ಯೂಟರಿಗೆ ಏರಿಸಿ ನಿವೃತ್ತರಾದವರು.

"ಯಾರ ಮೇಲಮ್ಮ ಸಿಟ್ಟು? ಪಾತ್ರೆ ಏನು ಮಾಡಿತ್ತು?"

ಹೇಳಿದಳು. ಮಾವ ಪೂರ್ತಿ ಕೇಳಿಸಿಕೊಂಡರು.

"ಚಮಚದಲ್ಲಿ ಬಾವಿ ತೋಡ್ತಾ ಇದ್ದೀಯ. ಪರ್ಲ್ ಅಂತ ಭಾಷೆ ಇದೆ, ಅದನ್ನ ಹಿಡಿ. ಹಳೇದು, ಈಗಿನವರು ಮೂಗು ಮುರೀತಾರೆ. ಆದ್ರೆ ಬರಹದೊಳಗೆ ಹುಡುಕೋದ್ರಲ್ಲಿ ಎತ್ತಿದ ಕೈ. ಸೊನ್ನೆ ಇರ್ಲಿ, ಓ ಇರ್ಲಿ, ನಡುವೆ ಗೆರೆ ಇರ್ಲಿ, ಬಿಡ್ಲಿ, ಎಲ್ಲಾ ಒಂದೇ ಸಾಲಲ್ಲಿ ಹೇಳ್ಬಹುದು."

ಮಂಗಳವಾರ ಬೆಳಿಗ್ಗೆ ಆಫೀಸಿನ ಕಂಪ್ಯೂಟರಿಗೆ ಪರ್ಲ್ ಹಾಕಿ ಆ ಸಾಲು ಬರೆದಳು. ಮೊದಲ ಸಲ ಫೋನ್ ನಂಬರುಗಳೆಲ್ಲ ಬಲೆಗೆ ಬಿದ್ದವು. ಹುಡುಕುವ ಮಾದರಿಯನ್ನು ಇನ್ನಷ್ಟು ಬಿಗಿ ಮಾಡಿದಳು. ಇನ್ನೂರ ಹದಿನಾಲ್ಕು ಜನ. ಒಂದೊಂದನ್ನೂ ಕಣ್ಣಾರೆ ನೋಡಿ ಖಚಿತಪಡಿಸಿಕೊಂಡಳು.

ಮೇಲಧಿಕಾರಿ ಪಟ್ಟಿಯನ್ನು ಮುಟ್ಟಲೂ ಇಲ್ಲ. "ಇಲ್ಲಿ ಒಪ್ಪಿಗೆ ಇಲ್ಲದ ಭಾಷೆ ಅದು. ಯಾರನ್ನ ಕೇಳಿ ಹಾಕಿದ್ರಿ? ಮುಂದಿನ ತಿಂಗಳು ಸಮಿತಿ ಮುಂದೆ ಇಡೋಣ."

"ಅಷ್ಟರಲ್ಲಿ ಸಮಿತಿಯವರ ಕಿಡ್ನಿ ಹೋಗಲ್ಲ ಸರ್. ಇವರದು ಹೋಗುತ್ತೆ!"

ಇಡೀ ವಿಭಾಗ ತಲೆಯೆತ್ತಿ ನೋಡಿತು. ಅವಳು ಪಟ್ಟಿ ಹಿಡಿದು ನೇರ ಎರಡನೇ ಮಹಡಿಗೆ ನಡೆದಳು. ಮುಖ್ಯ ವೈದ್ಯೆ ನಾಲ್ಕು ಟಿಪ್ಪಣಿ ತೆರೆಸಿ ನೋಡಿ, ಕನ್ನಡಕ ತೆಗೆದಿಟ್ಟು, "ಈಗಲೇ ಫೋನ್ ಮಾಡಿ. ನಾನೂ ಕೂರ್ತೀನಿ," ಅಂದರು.

ಶನಿವಾರದ ಹೊತ್ತಿಗೆ ಬಹುತೇಕ ಎಲ್ಲರೂ ಬಂದು ಹೋದರು. ಹತ್ತೊಂಬತ್ತು ಜನರಿಗೆ ಚಿಕಿತ್ಸೆ ಶುರುವಾಯಿತು. ಅವರಲ್ಲಿ ಹದಿನೇಳು ಜನ ಮೊದಲ ಪಟ್ಟಿಯಲ್ಲಿ ಇರಲೇ ಇಲ್ಲ.

ಮರುವಾರ ಅವಳ ಮೇಜಿನ ಮೇಲೆ ಎರಡು ಕಾಗದಗಳಿದ್ದವು. ಒಂದು, 'ನಮ್ಮ ವಿಭಾಗದ ಸಮಯೋಚಿತ ಕ್ರಮ' ಎಂದು ಮೇಲಧಿಕಾರಿ ಬರೆದ ವರದಿಯ ಪ್ರತಿ. ಇನ್ನೊಂದು, ಅನುಮತಿಯಿಲ್ಲದೆ ತಂತ್ರಾಂಶ ಅಳವಡಿಸಿದ್ದಕ್ಕೆ ಕಾರಣ ಕೇಳಿ ಅವಳಿಗೇ ನೋಟಿಸು.

ಓದಿ ಅವಳ ಕಿವಿ ಬಿಸಿಯಾಯಿತು. ಪೆನ್ನು ತೆಗೆದು ನೋಟಿಸಿನ ಕೆಳಗೇ ಬರೆದಳು: 'ಹೌದು, ಹಾಕಿದ್ದೇನೆ. ತೆಗೆಯುವುದಿಲ್ಲ.' ಸಹಿ ಹಾಕಿ, ಎಲ್ಲರ ಮುಂದೆ ಹೋಗಿ ಮೇಲಧಿಕಾರಿಯ ಕೈಗೇ ಕೊಟ್ಟಳು.